ಗುಡ್ಡದ ಮುಖ ಗುಡಿಸುತ್ತಿದ್ದ ದೊಡ್ಡಮ್ಮ

ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು, ಸೆರಗನ್ನೇ ತಲೆದಿಂಬು ಮಾಡಿಕೊಂಡು ನಡುಮನೆಯಲ್ಲಿ ಅಡ್ಡಾದರೆ, ಕಣ್ಣು ಹತ್ತುವ ಹೊತ್ತಿಗೆ ನಮ್ಮೂರ ಗುಡ್ಡ ಬರುತ್ತದೆ. ಒಂದೊಂದು ದಿನ ಒಂದೊಂದು ವಯಸ್ಸಿನ ಗುಡ್ಡ. ನಾನು ಮದುವೆಯಾಗಿ ಬಂದಾಗಿನ ಬೋಳು ಗುಡ್ಡ, ಕಲ್ಲೆಲ್ಲ ಬಿಸಿಲಿಗೆ ಬಿಳಿಚಿಕೊಂಡದ್ದು. ಆಮೇಲಿನ ತಂಗಡಿ ಹೂವಿನ ಹಳದಿ ಗುಡ್ಡ. ಮುಳ್ಳಿನ ಗುಡ್ಡ. ಈಗಿನ ಮರದ ಗುಡ್ಡ. ತೆಳ್ಳನೆ ಸೀರೆಗಳನ್ನೆಲ್ಲ ಒಂದೇ ಹಗ್ಗದ ಮೇಲೆ ಒಣಹಾಕಿದಾಗ ಒಂದರೊಳಗಿಂದ ಇನ್ನೊಂದರ ಬಣ್ಣ ಕಾಣುತ್ತದಲ್ಲ, ಹಾಗೆ. ಎಲ್ಲದರ ಹಿಂದೆಯೂ ಒಂದೇ ಸದ್ದು. ಕಲ್ಲಿನ ಮೇಲೆ ಪೊರಕೆ ಎಳೆಯುವ ಸದ್ದು.

ಅದು ದೊಡ್ಡಮ್ಮನ ಸದ್ದು. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ.

ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿಲ್ಲ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಗೋಡೆ, ಅಷ್ಟೇ. ಶ್ರೀರಾಂಪುರದ ಕಡೆಯ ನಮ್ಮೂರಲ್ಲಿ ಎಲ್ಲರೂ ಅವರನ್ನು ದೊಡ್ಡಮ್ಮ ಅನ್ನುತ್ತಿದ್ದರು, ಅವರಿಗಿಂತ ವಯಸ್ಸಾದವರೂ. ನಾನು ಹೊಳಲ್ಕೆರೆಯಿಂದ ಬಂದ ಸೊಸೆಯಾದ್ದರಿಂದ ನನ್ನನ್ನು ಕೊನೆತನಕ "ಏ ಹೊಳಲ್ಕೆರೆ" ಅಂತಲೇ ಕರೆದರು. ನನ್ನ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ. ಗೋಡೆಯಾಚೆಯಿಂದ, "ಏ ಹೊಳಲ್ಕೆರೆ, ಹಾಲು ಉಕ್ತಾ ಐತೆ ನೋಡೇ" ಅಂತ ಕೂಗಿದರೆ ಒಳಗೆ ನಿಜವಾಗಿಯೂ ಉಕ್ಕುತ್ತಿರುತ್ತಿತ್ತು. ವಾಸನೆಯಲ್ಲೇ ಅವರಿಗೆ ತಿಳಿಯುತ್ತಿತ್ತು. ಎಷ್ಟು ಹಾಲು ಉಳಿಸಿಕೊಟ್ಟರೋ. ಸಂಜೆ ದೀಪ ಹಚ್ಚಿ, ದೇವರು ಆವತ್ತು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ನೆನೆಯುವಾಗ ಆ ಗೋಡೆಯನ್ನೂ ಸೇರಿಸಿಕೊಳ್ಳುವುದು ನನಗೆ ರೂಢಿ.

ಕುಳ್ಳಗಿನ ಹೆಂಗಸು. ಗುಡಿಸಿ ಗುಡಿಸಿ ನಡು ಬಾಗಿತ್ತು. ನಿಂತಾಗಲೂ ನೆಲವನ್ನೇ ನೋಡೋರು. ನಮ್ಮ ಜಗಲಿಯ ಮೇಲೆ ಕೂತು ಮಾತಾಡುತ್ತಲೇ ಒಂದು ದಾರದ ಎಳೆ, ಒಂದು ಹುಲ್ಲುಕಡ್ಡಿ, ಕೊತ್ತಂಬರಿ ಎಲೆ, ಹೀಗೆ ಆರಿಸಿ ಆರಿಸಿ ಮಡಿಲಿಗೆ ಹಾಕಿಕೊಳ್ಳೋರು. ನಮ್ಮ ಅತ್ತೆಗೆ ಮೈ ಉರಿಯೋದು.

"ನಮ್ಮನೆ ಗಲೀಜು ಅಂತ ಊರಿಗೆಲ್ಲ ತೋರಿಸ್ತಾಳೆ ನೋಡು" ಅಂತ ಒಳಗೆ ಬಂದು ಗೊಣಗೋರು.

ಅವರ ಕೈ ಹಾಗಾಗಿದ್ದಕ್ಕೆ ಒಂದು ಹರಕೆ ಕಾರಣ. ಮಗ ಅಂಬೆಗಾಲಿಡುವ ಕೂಸಾಗಿದ್ದಾಗ ವಿಪರೀತ ಜ್ವರ ಬಂದು ಕಣ್ಣು ಮೇಲೆ ಮಾಡಿತ್ತಂತೆ. ಹೊಸದುರ್ಗದ ಆಸ್ಪತ್ರೆಗೆ ಒಯ್ಯಲು ಒಂದು ಗಾಡಿಯೂ ಸಿಗಲಿಲ್ಲ. ದೊಡ್ಡಮ್ಮ ಅಂಗಳಕ್ಕೆ ಬಂದು ಗುಡ್ಡದ ಕಡೆ ಕೈಮುಗಿದು, "ರಂಗಪ್ಪ, ಕೂಸು ಉಳೀಲಿ. ನನ್ನ ಕೈಯಾಗೆ ಕಸುವಿರೋತನಕ ನಿನ್ನ ಗುಡ್ಡದ ಮುಖದಾಗೆ ಒಂದು ಕಸ ಉಳಿಸಲ್ಲ" ಅಂದರು. ಬೆಳಗಾಗುವಷ್ಟರಲ್ಲಿ ಮಗು ಬೆವರಿ, ಕಣ್ಣು ಬಿಟ್ಟು, ಹಾಲು ಕೇಳಿತು. ಅವತ್ತಿನಿಂದ ಶುರು.

ಗುಡ್ಡದ ಮುಖ ಅಂದರೆ ಊರ ಕಡೆಗಿರುವ ಇಳಿಜಾರು. ಆಚೆಯದು ಬೆನ್ನು. ನಡುವೆ ನೆತ್ತಿಯ ಹತ್ತಿರ ರಂಗಪ್ಪನ ಪುಟ್ಟ ಗುಡಿ. ನಾನು ಬಂದ ಕಾಲಕ್ಕೆ ಗುಡ್ಡ ಎರಡೂ ಕಡೆ ಬೋಳು. ಸೌದೆಗೆ, ಇದ್ದಿಲಿಗೆ ಅಂತ ಕಡಿದೂ ಕಡಿದೂ ಗುಡಿಯ ಹಿಂದೆ ನಾಕು ಹಳೇ ಮರ ಉಳಿದಿದ್ದವು. ಮೇಕೆಗಳು ಬೊಡ್ಡೆಯ ಚಿಗುರನ್ನೂ ಬಿಟ್ಟಿರಲಿಲ್ಲ. ಆಗ ಊರವರು ಕೂತು ಒಂದು ಮಾತು ಕಟ್ಟಿಕೊಂಡರು. ಹೋರಿಕರುವಿಗೆ ಮುದ್ರೆ ಒತ್ತಿ ದೇವರ ಬಸವ ಅಂತ ಬಿಡುವುದಿಲ್ಲವೇ, ಹಾಗೆ ಗುಡ್ಡವನ್ನೇ ರಂಗಪ್ಪನಿಗೆ ಬಿಟ್ಟರು. ದೇವರ ಬಸವನನ್ನು ಯಾರೂ ನೇಗಿಲಿಗೆ ಕಟ್ಟುವುದಿಲ್ಲ. ದೇವರ ಗುಡ್ಡಕ್ಕೆ ಯಾರೂ ಕೊಡಲಿ ಒಯ್ಯುವ ಹಾಗಿಲ್ಲ, ಮೇಕೆ ಹೊಡೆಯುವ ಹಾಗಿಲ್ಲ.

ಆಮೇಲೆ ಬೆನ್ನಿನ ಕಡೆ ನಡೆದದ್ದನ್ನು ನಾನು ನನ್ನ ಮಕ್ಕಳು ಬೆಳೆದ ಹಾಗೇ ನೋಡಿದೆ. ಮೊದಲು ಹುಲ್ಲು ಮೊಣಕಾಲಿಗೆ ಬಂತು. ಅದರ ಹಿಂದೆ ಬಂದ್ರೆ ಗಿಡ, ತಂಗಡಿ ಗಿಡ. ಸತ್ತೇ ಹೋಗಿವೆ ಅಂದುಕೊಂಡಿದ್ದ ಬೊಡ್ಡೆಗಳು ಸುತ್ತಲೂ ಬೆರಳು ಬೆರಳಾಗಿ ಚಿಗುರಿದವು. ಕಾರೆ, ಕವಳೆ ಮುಳ್ಳಿನ ಪೊದೆ ಎದ್ದವು. ಹಣ್ಣಿಗೆ ಪಿಕಳಾರ ಹಕ್ಕಿ ಬಂತು, ಅದು ತಂದುಹಾಕಿದ ಬೀಜದಿಂದ ಬೇವು, ಗಂಧ. ಕರಡಿಯೂ ಬಂತು ಅಂತ ಸುದ್ದಿಯಾಗಿ ನಾವು ಹೆಂಗಸರು ಸ್ವಲ್ಪ ದಿನ ಆ ಕಡೆ ಮುಖ ಹಾಕಲಿಲ್ಲ.

ಒಮ್ಮೆ ನಾನು ಸೀರೆ ಸಿಕ್ಕಿಸಿಕೊಂಡು ಕಾರೆಮುಳ್ಳನ್ನು ಬೈಯುತ್ತಿದ್ದೆ. ದೊಡ್ಡಮ್ಮ ನಿಧಾನವಾಗಿ ಸೆರಗು ಬಿಡಿಸುತ್ತಾ, "ಬೈಬ್ಯಾಡ್ವೇ. ಇದು ಬಾಣಂತಿ ಕೋಣೆ. ಒಳಗೆ ಕೂಸೈತೆ, ಬಗ್ಗಿ ನೋಡು" ಅಂದರು. ಬಗ್ಗಿದೆ. ಮುಳ್ಳಿನ ನಡುವೆ, ದನದ ಬಾಯಿಗೆ ಸಿಗದ ಹಾಗೆ, ಗೇಣುದ್ದದ ಬೇವಿನ ಸಸಿ.

ಇನ್ನೊಮ್ಮೆ ದೀಪಾವಳಿ ಪೂಜೆಗೆ ಇಡುವ ಉತ್ತರಾಣಿ ಕಡ್ಡಿ ಸಿಕ್ಕಿತು, ತಂಗಡಿ ಹೂ ಸಿಗಲಿಲ್ಲ. ಬೆನ್ನಿನ ಕಡೆಯೆಲ್ಲ ನೆರಳಾಗಿ ತಂಗಡಿ ಗಿಡ ಒಣಗಿಹೋಗಿದ್ದವು. ಹಬ್ಬಕ್ಕೆ ಹೂವಿಲ್ಲ ಅಂತ ನನಗೆ ಅಳುವೇ ಬಂತು.

"ಅದ್ಕ್ಯಾಕೆ ಅಳ್ತೀಯೇ? ಅವು ಗುಡ್ಡದ ಹಾಲುಹಲ್ಲು. ಉದುರಿದ್ರೇ ತಾನೇ ಗಟ್ಟಿ ಹಲ್ಲು ಬರಾದು" ಅಂದರು. ಆಮೇಲೆ ತಾವೇ ರಸ್ತೆ ಬದಿಯ ಬಿಸಿಲಲ್ಲಿ ಹುಡುಕಿ ಮಡಿಲು ತುಂಬ ತಂದುಕೊಟ್ಟರು.

ಇಷ್ಟೆಲ್ಲ ಬೆನ್ನಿಗೆ. ಮುಖ ಮಾತ್ರ ಹಾಗೇ ಇತ್ತು.

ನಮಗೆ ಅದು ಹೆಮ್ಮೆ. ದಿನಾ ಬೆಳಗ್ಗೆ ದೊಡ್ಡಮ್ಮ, ಶನಿವಾರ ಶನಿವಾರ ಅವರ ಹಿಂದೆ ನಾವು ಐದಾರು ಹೆಂಗಸರು. ಬಂದ್ರೆ ಕಡ್ಡಿ ಬಿಗಿದು ಕಟ್ಟಿದ ಬರಲು, ಅಂದರೆ ಕಣ ಗುಡಿಸುವ ಒರಟು ಪೊರಕೆ, ಹಿಡಿದು ಮೇಲಿನಿಂದ ಕೆಳಗಿನತನಕ ಗುಡಿಸೋದು. ಬೆನ್ನಿನ ಮರಗಳಿಂದ ಗಾಳಿಗೆ ಹಾರಿ ಬಂದ ಎಲೆಯನ್ನೆಲ್ಲ ಗುಡ್ಡೆ ಹಾಕಿ ಸುಡೋದು. ಗುಡಿಸುತ್ತಾ ರಂಗಪ್ಪನ ಪದ ಹೇಳೋದು. ಮುಗಿದ ಮೇಲೆ ನೋಡಿದರೆ ಗುಡ್ಡದ ಮುಖ ಸಾರಿಸಿದ ಅಂಗಳದ ಹಾಗೆ, ರಂಗೋಲಿ ಬಿಡಬಹುದು. ಹೊಸದುರ್ಗದಿಂದ ಬಂದ ಭಕ್ತರು "ಎಷ್ಟು ಚೊಕ್ಕ ಇಟ್ಟಿದೀರಮ್ಮ" ಅಂದರೆ ಜನ್ಮ ಸಾರ್ಥಕ ಅನ್ನಿಸುತ್ತಿತ್ತು.

ದೊಡ್ಡಮ್ಮ ಮಾತ್ರ ಆಗಾಗ ಕೇಳುತ್ತಿದ್ದರು. "ಅಲ್ಲ ಪೂಜಾರಣ್ಣ, ರಂಗಪ್ಪ ಬೆನ್ನಿಗೆ ಅಷ್ಟು ಹಸಿರು ಹೊದ್ಕಂಡವ್ನೆ. ನಾವು ಸೇವೆ ಮಾಡೋ ಕಡೆ ಯಾಕಪ್ಪ ಒಂದು ಗರಿಕೆನೂ ಇಲ್ಲ?"

ಪೂಜಾರಣ್ಣನ ಹತ್ತಿರ ಎಲ್ಲದಕ್ಕೂ ಉತ್ತರ ಇರುತ್ತಿತ್ತು. "ಮುಖಕ್ಕೆ ಯಾರಾದ್ರೂ ಕಂಬಳಿ ಹೊದ್ಕತಾರೇನು ದೊಡ್ಡಮ್ಮ?"

ನಾವೆಲ್ಲ ನಕ್ಕು, ಸರಿ ಅಂತ ಒಪ್ಪಿಕೊಂಡಿದ್ದೆವು.

ಆಮೇಲೆ ಒಂದು ವರ್ಷ ಹಿರಿಯೂರಿಗೆ ಕೊಟ್ಟಿದ್ದ ಮಗಳ ಎರಡನೇ ಬಾಣಂತನ ಬಂತು. ಶಿವರಾತ್ರಿ ಮುಗಿಸಿ ಹೋದ ದೊಡ್ಡಮ್ಮ, ಮಗಳಿಗೆ ಮೈ ಸರಿಯಿಲ್ಲದೆ, ಗೌರಿ ಹಬ್ಬದ ಹೊತ್ತಿಗೆ ವಾಪಸು ಬಂದರು. ಹೋಗುವಾಗ ಗುಡ್ಡ ನಮಗೆ ಒಪ್ಪಿಸಿದ್ದರು. ಆದರೆ ಮುಂದಾಳೇ ಇಲ್ಲದ ಮೇಲೆ ಒಬ್ಬರಿಗೆ ನೆಗಡಿ, ಇನ್ನೊಬ್ಬರಿಗೆ ನೆಂಟರು. ಯಾರೂ ಹತ್ತಲಿಲ್ಲ.

ಬಂದ ಶನಿವಾರವೇ ನನ್ನನ್ನು ಎಬ್ಬಿಸಿಕೊಂಡು ಹೊರಟರು. ಸಣ್ಣಗೆ ಮಂಜಿತ್ತು. ಗುಡ್ಡದ ಮುಖದ ತುಂಬ ನೆನೆದ ಎಲೆ, ಕಂದು ಕೌದಿ ಹಾಸಿದ ಹಾಗೆ.

"ಅಯ್ಯೋ ನನ್ನಪ್ಪ, ಏನ್ ಗತಿ ಮಾಡ್ಕಂಡಿದೀಯೋ ಮುಖ" ಅಂತ ಸೆರಗು ಸೊಂಟಕ್ಕೆ ಸಿಕ್ಕಿಸಿ ಬರಲು ಎಳೆದರು. ಒಂದೇ ಎಳೆತ. ನಿಂತುಬಿಟ್ಟರು.

ಎಲೆ ಸರಿದ ಜಾಗದಲ್ಲಿ ಕೆಂಪಗೆ ಮಿನುಗುವ ಎಳೆ ಗಿಡಗಳು. ಎರಡೆರಡು ಎಲೆ ಜೋಡಿಯಾಗಿ, ಕರುವಿನ ಗೊರಸಿನ ಗುರುತಿನಂತೆ. ಕಮರ ಅನ್ನೋ ಮರದ ಸಸಿ. ಮೂರು ಸಸಿ ಬರಲಿನ ಕಡ್ಡಿಗೆ ಸಿಕ್ಕಿ ಕಿತ್ತುಬಂದಿದ್ದವು. ದೊಡ್ಡಮ್ಮ ಕೂತು, ಬೆರಳಿನಿಂದ ಅಲ್ಲಿ ಇಲ್ಲಿ ಎಲೆ ಸರಿಸಿದರು. ಸರಿಸಿದಲ್ಲೆಲ್ಲ ಇದ್ದವು. ಕಮರ, ಬೇವು, ನನಗೆ ಗುರುತು ಹತ್ತದ ಇನ್ನೇನೇನೋ.

"ಏ ಹೊಳಲ್ಕೆರೆ, ಇವು ಇಷ್ಟು ವರ್ಷ ಎಲ್ಲಿದ್ವೇ?"

"ಪ್ರತಿ ವರ್ಷ ಬರ್ತಿದ್ವೇನೋ ದೊಡ್ಡಮ್ಮ."

"ಬರ್ತಿದ್ವು. ನಾನು..." ಅಂದರು. ಕೈಯಲ್ಲಿದ್ದ ಬರಲಿನ ಕಡೆ ನೋಡಿದರು.

ಕಿತ್ತುಬಂದಿದ್ದ ಮೂರನ್ನೂ ಬೆರಳಲ್ಲಿ ತೂತು ಮಾಡಿ ಮತ್ತೆ ನೆಟ್ಟರು. ಅಭಿಷೇಕಕ್ಕೆ ಅಂತ ತಂದಿದ್ದ ಚೊಂಬಿನ ನೀರನ್ನು ಅವುಗಳಿಗೆ ಹಾಕಿಬಿಟ್ಟರು. ಎಲೆಯನ್ನು ಮಗುವಿಗೆ ಹೊದಿಸಿದ ಹಾಗೆ ಎಳೆದು ಮುಚ್ಚಿದರು. ಆಮೇಲೆ ಬರಲನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತರು. ಮಂಜು ಸರಿದು ಬಿಸಿಲು ಬಿತ್ತು. ನೆಲದಿಂದ ಬೆಚ್ಚಗಿನ ವಾಸನೆ ಬಂತು, ರೊಟ್ಟಿ ಹಂಚಿನ ಹತ್ತಿರ ಬರುತ್ತದಲ್ಲ, ಅಂಥದ್ದು.

"ಬಿಟ್ಟುಬಿಡಾಣ ದೊಡ್ಡಮ್ಮ, ಬೆಳೀಲಿ" ಅಂದೆ ನಾನು.

"ನಿನಗೇನೇ, ಹೇಳ್ತೀಯ. ಹರಕೆ ಹೊತ್ತಿರೋಳು ನಾನು. ಮಗ ದಿನಾ ಬಸ್ಸಿನ ಸ್ಟೇರಿಂಗ್ ಹಿಡೀತಾನೆ."

ಅದು ನಿಜ. ಜ್ವರದಿಂದ ಉಳಿದ ಕೂಸು ಆಗ ಪ್ರೈವೇಟ್ ಬಸ್ಸಿನ ಡ್ರೈವರ್. ಶ್ರೀರಾಂಪುರದಿಂದ ಹಿರಿಯೂರು, ಅಲ್ಲಿಂದ ಹೈವೇ ಹಿಡಿದು ಐಮಂಗಲದ ಮೇಲೆ ದುರ್ಗ, ಸಂಜೆಗೆ ವಾಪಸು. ಗುಡಿಸಿದರೆ ಸಸಿ ಹೋಗುತ್ತವೆ. ಗುಡಿಸದಿದ್ದರೆ ಮಾತು ತಪ್ಪಿದ ಹಾಗೆ, ಅದೂ ಮಗನ ಮೇಲೆ ಆಡಿದ ಮಾತು.

ಹೂ ಕೇಳಿಸೋಣ ಅಂತಾಯಿತು. ದೇವರ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ ಬೇಡಿಕೊಳ್ಳುವುದು. ಬಲದ ಹೂ ಬಿದ್ದರೆ ಅಪ್ಪಣೆ, ಎಡದ್ದು ಬಿದ್ದರೆ ಬೇಡ.

"ಏನಂತ ಕೇಳ್ಲಿ?" ಪೂಜಾರಣ್ಣ ಅಂದ.

"ಕಸ ಹೊಡೆಯಾದು ಬಿಡ್ಲಾ ಅಂತ ಕೇಳಪ್ಪ."

ಹಿಂದೆ ನಿಂತ ಹೆಂಗಸರಲ್ಲಿ ಒಬ್ಬರು ಕಿಸಕ್ಕೆಂದರು. "ಎಲ್ಲಾರೂ ಮಳೆ ಕೇಳ್ತಾರೆ, ಕಂಕಣಬಲ ಕೇಳ್ತಾರೆ. ನಮ್ಮ ದೊಡ್ಡಮ್ಮ ಕಸ ಕೇಳ್ತಾವ್ರೆ!"

ಹೂ ಬೀಳಲಿಲ್ಲ. ಬಲದ್ದೂ ಇಲ್ಲ, ಎಡದ್ದೂ ಇಲ್ಲ. ಕರ್ಪೂರ ಮುಗಿಯಿತು. ಹಾಲು ಕರೆಯುವ ಹೊತ್ತಾಯಿತು ಅಂತ ಒಬ್ಬೊಬ್ಬರೇ ಇಳಿದುಹೋದರು. ದೊಡ್ಡಮ್ಮ ಕೈಮುಗಿದವರು ಮುಗಿದೇ ಇದ್ದರು.

"ದೊಡ್ಡಮ್ಮ, ಬಾಗ್ಲು ಹಾಕ್ಬೇಕು. ಮನೇಲಿ ಎಮ್ಮೆ ಈಯಾದೈತೆ" ಅಂದ ಪೂಜಾರಣ್ಣ.

"ಆತ ಏನೂ ಅನ್ಲಿಲ್ವಲ್ಲಪ್ಪ."

"ಅನ್ನಂಗಿದ್ರೆ ಅಂತಿದ್ದ. ನಿನ್ನ ಮ್ಯಾಲೇ ಬಿಟ್ಟವ್ನೆ ಕಾಣ್ತೈತೆ. ಏಳು."

ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದು ಅಂದರು, "ಬೈದಿದ್ರೂ ಚೆನ್ನಾಗಿತ್ತು ಕಣೇ ಹೊಳಲ್ಕೆರೆ. ಸುಮ್ಕಿದ್ದುಬಿಟ್ನಲ್ಲ."

ಮಾರನೆಯ ದಿನದಿಂದ ಅವರು ಗುಡಿಯ ಕಟ್ಟೆ ಮತ್ತು ಮೆಟ್ಟಿಲು ಮಾತ್ರ ಗುಡಿಸಿದರು. ಇಳಿಜಾರಿಗೆ ಬರಲು ತಾಗಿಸಲಿಲ್ಲ. ಮೆಟ್ಟಿಲಿನ ಎಲೆಯನ್ನೂ ಸುಡದೆ ಸಸಿಗಳ ಕಡೆಗೆ ತಳ್ಳುತ್ತಿದ್ದರು. ಬೀದಿಯಲ್ಲಿ "ದೊಡ್ಡಮ್ಮಂಗೆ ವಯಸ್ಸಾತು, ಸೋಮಾರಿ ಆದ್ರು" ಅನ್ನುವ ಮಾತು ಬಂತು. ಅದಕ್ಕೆ ಅವರು ತಲೆ ಕೆಡಿಸಿಕೊಳ್ಳಲಿಲ್ಲ. ತಲೆ ಕೆಡಿಸಿದ್ದು ಬೇರೆ. ಸಂಜೆಯಾದರೆ ಗುಡಿಯ ಕಟ್ಟೆಗೆ ಹೋಗಿ ಕೂರುವುದು. ಅಲ್ಲಿಂದ ಕೆಳಗೆ ಹಿರಿಯೂರ ರಸ್ತೆ ದಾರದ ಹಾಗೆ ಕಾಣುತ್ತಿತ್ತು. ಮಗನ ಬಸ್ಸು ತಿರುವಿನಲ್ಲಿ ದೀಪ ಹಾಕಿಕೊಂಡು ಬಂದು, ಊರ ಬಾಗಿಲಿನತನಕ ತಲುಪುವುದನ್ನು ಪೂರಾ ನೋಡಿ, ಕೈಮುಗಿದು ಇಳಿಯುವುದು. ಪ್ರತಿದಿನ.

ಮಗ ತಮಾಷೆಯ ಆಸಾಮಿ. "ಯವ್ವ, ನಾನು ಉಳಿದಿರಾದು ನಿನ್ನ ಪೊರಕೆಯಿಂದಾನೋ, ನನ್ನ ಬ್ರೇಕಿಂದಾನೋ? ಒಂದ್ಸಾರಿ ಹೇಳ್ಬಿಡು."

"ಬಾಯಿ ಮುಚ್ಚಲೇ. ಬ್ರೇಕ್ ಹಾಕ್ಸೋನು ಯಾರು?"

ಸಸಿಗಳು ಸೊಂಟಕ್ಕೆ ಬಂದಿದ್ದ ಒಂದು ಮಳೆಗಾಲ. ಮಧ್ಯಾಹ್ನದಿಂದ ಬಿಟ್ಟೂಬಿಡದೆ ಹೊಡೆಯುತ್ತಿತ್ತು. ಬಸ್ಸಿನ ಹೊತ್ತು ಮೀರಿತು. ಫೋನ್ ಹಚ್ಚಿದರೆ ಸ್ವಿಚ್ ಆಫ್. ಅಷ್ಟರಲ್ಲಿ ಯಾರೋ "ಹೈವೇಲಿ ಏನೋ ಆಗೈತಂತೆ" ಅಂದರು. ಮೂಲೆಯಲ್ಲಿದ್ದ ಬರಲು ಎತ್ತಿಕೊಂಡು ದೊಡ್ಡಮ್ಮ ಆ ಮಳೆಯಲ್ಲೇ ಹೊರಟರು. ನಮ್ಮ ಯಜಮಾನರು "ಹೋಗು, ಅವರ ಹಿಂದೆ ಹೋಗು" ಅಂತ ಟಾರ್ಚು ಕೊಟ್ಟರು. ಹಿಂದಿನ ದಿನವಷ್ಟೇ ಹೊಸ ಸೆಲ್ಲು ಹಾಕಿದ್ದೆ, ಅದೊಂದು ದೇವರ ದಯೆ.

ನಾನು ಮುಟ್ಟುವಷ್ಟರಲ್ಲಿ ಅವರು ಇಳಿಜಾರಿನಲ್ಲಿ ಗುಡಿಸುತ್ತಿದ್ದರು. ನೆನೆದ ಎಲೆ ಅಲುಗುತ್ತಿರಲಿಲ್ಲ. ಬರಲು ಬಿಸಾಕಿ ಒಂದು ಕಮರದ ಗಿಡವನ್ನು ಎರಡೂ ಕೈಯಲ್ಲಿ ಹಿಡಿದರು.

"ಎಲ್ಲಾ ಕಿತ್ತಾಕ್ತೀನಿ ರಂಗಪ್ಪ. ಮೊದಲಿನಂಗೇ ಮಾಡಿಕೊಡ್ತೀನಿ. ನನ್ನ ಮಗನ್ನ ಕೊಟ್ಬಿಡು."

ಜಗ್ಗಿದರು. ಬರಲಿಲ್ಲ. ಕಲ್ಲಿಗೆ ಕಾಲು ಕೊಟ್ಟು ಜಗ್ಗಿದರು. ಎಲೆಗಳು ಕೈಯಲ್ಲಿ ಸುಲಿದುಬಂದವು, ಗಿಡ ಅಲ್ಲೇ ನಿಂತಿತ್ತು. ಸೊಂಟಕ್ಕೆ ಬರುವ ಗಿಡ, ಬೆರಳುಗಾತ್ರದ ಕಾಂಡ. ಅಷ್ಟರೊಳಗೆ ಅದು ನೆಲದೊಳಗೆ ಎಲ್ಲಿಯತನಕ ಹೋಗಿತ್ತೋ. ನಾನು ರಂಗಪ್ಪ, ರಂಗಪ್ಪ ಅನ್ನುತ್ತಾ ಟಾರ್ಚು ಹಿಡಿದು ನಿಂತಿದ್ದೆ.

ಕೊನೆಗೆ ಕೈ ಬಿಟ್ಟರು. ಅಂಗೈ ನೋಡಿಕೊಂಡರು.

"ಬರ್ಲಿಲ್ಲ ಕಣೇ."

"ಹ್ಞೂ ದೊಡ್ಡಮ್ಮ."

"ಅವತ್ತು ಹೂವೂ ಬೀಳ್ಲಿಲ್ಲ. ಇವತ್ತು ಇದೂ ಬರ್ಲಿಲ್ಲ. ಏನೋ ಹೇಳ್ತಾವ್ನೆ. ನನಗೆ ಪೂರ್ತಿ ತಿಳೀತಿಲ್ಲ."

ಬಾಗಿದ್ದ ಗಿಡವನ್ನು ಹಿಡಿದು ನೆಟ್ಟಗೆ ಮಾಡಿದರು. ಅದರ ಪಕ್ಕದಲ್ಲೇ ಕೂತರು, ನಾನೂ ಕೂತೆ. ಒಂದೇ ಸೆರಗು ಇಬ್ಬರ ತಲೆಯ ಮೇಲೆ. ಮಳೆ ಎಲೆಯ ಮೇಲೆ ಬಿದ್ದು, ಎಲೆಯಿಂದ ನೆಲಕ್ಕೆ ಇಳಿಯುವುದು ಕೇಳುತ್ತಿತ್ತು. ಮೊದಲೆಲ್ಲ ಆ ಇಳಿಜಾರಿನಲ್ಲಿ ಮಳೆ ಬಂದರೆ ಕೆಂಪು ನೀರು ಧುಮುಕಿ ಊರಿಗೆ ನುಗ್ಗುತ್ತಿತ್ತು. ಅವತ್ತು ನೀರು ನಮ್ಮ ಕಾಲ ಬಳಿ ಎಲ್ಲೋ ಇಂಗಿ ಹೋಗುತ್ತಿತ್ತು. ನಿದ್ದೆಯಲ್ಲಿ ಇದ್ದ ಹಾಗಿತ್ತು ನನಗೆ. ಆಮೇಲೆ ತಿರುವಿನಲ್ಲಿ ಎರಡು ದೀಪ ಕಂಡವು.

ಐಮಂಗಲದ ಹತ್ತಿರ ಲಾರಿಯೊಂದು ಅಡ್ಡ ಮಗುಚಿ ರಸ್ತೆ ಕಟ್ಟಿತ್ತಂತೆ, ಫೋನಿಗೆ ಚಾರ್ಜ್ ಇರಲಿಲ್ಲವಂತೆ. ಮಗ ಮನೆಗೆ ಬಂದವನು ತಾಯಿಯ ನೆನೆದ ಸೀರೆ, ಸುಲಿದ ಅಂಗೈ ನೋಡಿ ಅವತ್ತು ಮಾತ್ರ ಯಾವ ತಮಾಷೆಯನ್ನೂ ಮಾಡಲಿಲ್ಲ. ಅರಿಶಿನ ಕಲಸಿ ಹಚ್ಚಿದ.

ಅಲ್ಲಿಗೆ ದೊಡ್ಡಮ್ಮನ ಹೆದರಿಕೆ ಮುಗಿಯಿತು ಅಂತ ನಾನು ಬರೆಯಲಾರೆ. ಮರುದಿನ ಸಂಜೆಯೂ ಕಟ್ಟೆಯ ಮೇಲೆ ಕೂತಿದ್ದರು. ಅದರ ಮರುದಿನವೂ. ಗಿಡಗಳು ಬೆಳೆಯುತ್ತಾ ಹೋದವು, ಅವರು ಕೂರುತ್ತಾ ಹೋದರು. ಮೊದಮೊದಲು ಇಡೀ ರಸ್ತೆ ಕಾಣುತ್ತಿತ್ತು. ಆಮೇಲೆ ತುಂಡು ತುಂಡಾಗಿ. ಕುತ್ತಿಗೆ ಆ ಕಡೆ ಈ ಕಡೆ ಹೊರಳಿಸಿ, ಕೊಂಬೆಗಳ ಸಂದಿಯಲ್ಲಿ ಬಸ್ಸಿನ ದೀಪ ಹುಡುಕೋರು. "ಈ ಕೊಂಬೆ ಒಂದು ತೆಗೆಸಿಬಿಡ್ಲಾ?" ಅಂತ ಪೂಜಾರಣ್ಣ ಕೇಳಿದ್ದಕ್ಕೆ, "ನಿನ್ನ ಕೈ ತೆಗೆಸ್ತೀನಿ ನೋಡು" ಅಂದಿದ್ದರು.

ಕೊನೆಯ ಸಲ ನಾವಿಬ್ಬರೂ ಹತ್ತಿದ್ದು ಹೋದ ವರ್ಷ ದೀಪಾವಳಿ ಕಳೆದ ಮೇಲೆ. ಮೆಟ್ಟಿಲಿಗೊಂದು ಸಲ ನಿಂತು ನಿಂತು ಹತ್ತಿದರು. ಇಳಿಜಾರಿನ ಕಮರಗಳು ನಮ್ಮ ತಲೆ ದಾಟಿ ಎಷ್ಟೋ ಮೇಲೆ ಹೋಗಿದ್ದವು. ಕೆಳಗೆ ಹುಲ್ಲು ಕಡಿಮೆಯಾಗಿ, ಮೆತ್ತನೆ ಕಪ್ಪು ಮಣ್ಣು. ಎಲ್ಲೋ ಒಂದು ಹಕ್ಕಿ ಒಂದೇ ಮಾತನ್ನು ಹೇಳುತ್ತಾ ಕೂತಿತ್ತು. ಕಟ್ಟೆಯ ಮೇಲೆ ಕೂತು ದೊಡ್ಡಮ್ಮ ರಸ್ತೆಯ ಕಡೆ ನೋಡಿದರು. ರಸ್ತೆ ಇರಲಿಲ್ಲ. ಎಲೆ, ಎಲೆಯ ಹಿಂದೆ ಎಲೆ, ಸಂಜೆ ಬಿಸಿಲಿಗೆ ಒಳಗಿನಿಂದ ದೀಪ ಹಚ್ಚಿದ ಹಾಗೆ.

ಬಸ್ಸು ಬರುವ ಹೊತ್ತಾಗಿತ್ತು. ಅವರ ತುಟಿ ಅಲುಗುತ್ತಿತ್ತು.

"ಇಲ್ಲಿಂದ ಇನ್ನು ಏನೂ ಕಾಣಲ್ಲ ದೊಡ್ಡಮ್ಮ" ಅಂದೆ. "ಹೆದರಿಕೆ ಆಗಲ್ವಾ?"

"ಆಗ್ತೈತೆ ಕಣೇ" ಅಂದರು. ಪಕ್ಕದ ಜಾಗವನ್ನು ಅಂಗೈಯಲ್ಲಿ ತಟ್ಟಿದರು. "ಕುಂತ್ಕ. ನೆಳ್ಳು ತಣ್ಣಗೈತೆ."